ವಸ್ತುಸಂಗ್ರಹಾಲಯದಲ್ಲಿ ಕಕ್ಕಸಿನ ಚಿತ್ರವೇಕೆ?

ನಮ್ಮ ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹೋದ ಭಾನುವಾರ ಸಂಜೆ ಊರಿನ ಜನಕ್ಕೆಲ್ಲ ಪುಕ್ಕಟೆಯಾಗಿ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಚಿತ್ರದ ಹೆಸರು 'ಕಕ್ಕೂಸ್'. ತಮಿಳುನಾಡಿನ ದಿವ್ಯಾ ಭಾರತಿ ಎಂಬ ಹೆಣ್ಣುಮಗಳು 2017ರಲ್ಲಿ ಹೊರತಂದ ಚಿತ್ರವಿದು. ಕೈಯಿಂದ ಮಲ ಬಾಚುವವರು, ಒಳಚರಂಡಿಗೆ ಇಳಿಯುವವರು, ಇಳಿದು ಮತ್ತೆ ಮೇಲೆ ಬಾರದವರ ಹೆಂಡಿರು ಮಕ್ಕಳು, ಇವರೇ ಅದರ ಪಾತ್ರಧಾರಿಗಳು. ಯಾರೂ ಬಣ್ಣ ಹಚ್ಚಿಕೊಂಡಿಲ್ಲ. ಯಾರೂ ಬರೆದುಕೊಟ್ಟ ಮಾತನ್ನು ಆಡಿಲ್ಲ.

ಪ್ರದರ್ಶನ ಮುಗಿದು ಎರಡು ದಿನ ಕಳೆಯುವುದರೊಳಗೆ ಊರಿನ ಮರ್ಯಾದಸ್ಥರಲ್ಲಿ ಗೊಣಗಾಟ ಪ್ರಾರಂಭವಾಯಿತು. ಕ್ಲಬ್ಬಿನ ಜಗಲಿಯಲ್ಲೂ ಹೋಟೆಲಿನ ಮೇಜಿನ ಸುತ್ತಲೂ ನಾವು ಕೇಳಿದ ಆಕ್ಷೇಪಣೆಗಳು ಮುಖ್ಯವಾಗಿ ನಾಲ್ಕು. ಇತಿಹಾಸದ ಪವಿತ್ರ ವಸ್ತುಗಳಿರುವ ಸ್ಥಳದಲ್ಲಿ ಹೊಲಸಿನ ಚಿತ್ರ ತೋರಿಸಬಹುದೇ ಎಂಬುದು ಒಂದು. ತಮಿಳರ ಸಂಗತಿ ನಮಗೇಕೆ ಎಂಬುದು ಎರಡು. ಕಾಯಿದೆ ಬಂದು ಈ ಪದ್ಧತಿಯೇ ಇಲ್ಲವಾಗಿರುವಾಗ ಹಳೆಯ ಹುಣ್ಣನ್ನು ಕೆರೆಯುವುದೇಕೆ ಎಂಬುದು ಮೂರು. ಸಿನೇಮಾ ನೋಡಿದ ಮಾತ್ರಕ್ಕೆ ಯಾರ ಹೊಟ್ಟೆ ತುಂಬೀತು ಎಂಬುದು ನಾಲ್ಕು. ಇವನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರ ಹೇಳುವುದು ನಮ್ಮ ಕರ್ತವ್ಯ. ಏಕೆಂದರೆ, ಇಂಥ ಪ್ರದರ್ಶನ ಇನ್ನು ಮುಂದೆ ಬೇಡವೆಂದು ಮೇಲಿನವರಿಗೆ ಅರ್ಜಿ ಹೋಗುವ ಮಾತು ಕೇಳಿಬರುತ್ತಿದೆ. ಅರ್ಜಿ ಹೋಗುವ ಮೊದಲೇ ಊರಿನ ಜನ ಇದನ್ನು ವಿಚಾರ ಮಾಡಲಿ.

ಮೊದಲನೆಯ ಆಕ್ಷೇಪಣೆ ಪವಿತ್ರತೆಯದು. ಸ್ವಾಮಿ, ವಸ್ತುಸಂಗ್ರಹಾಲಯದ ಅಂಗಳದಲ್ಲಿ ಏನಿದೆ? ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಯಲ್ಲಿ ಲಿಂಗದ ಸನ್ನಿಧಿ. ಈ ವೀರರಲ್ಲಿ ಎಷ್ಟೋ ಜನ ರಾಜರಲ್ಲ, ದಂಡನಾಯಕರಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಅಡ್ಡ ಹೋಗಿ ಸತ್ತ ಸಾಮಾನ್ಯ ಮನುಷ್ಯರು. ಊರಿಗಾಗಿ ಸತ್ತವನ ನೆನಪಿಗೆ ಊರು ಕಲ್ಲು ನೆಡಿಸಿತು. ಸಾವಿರ ವರ್ಷದ ಹಿಂದೆ ನಮ್ಮ ಹಿರಿಯರಿಗೆ ಇಷ್ಟು ಕೃತಜ್ಞತೆ ಇತ್ತು.

ಈಗ ಕೇಳುತ್ತೇವೆ: ಊರಿನ ಹೊಲಸು ಊರಿನ ಬೀದಿಗೆ ಉಕ್ಕದಿರಲೆಂದು ಗುಂಡಿಗೆ ಇಳಿದು ಸತ್ತವನಿಗೆ ಕಲ್ಲೆಲ್ಲಿದೆ? ಆತನೂ ಊರಿಗಾಗಿಯೇ ಸತ್ತನಲ್ಲವೇ? ಕಲ್ಲು ಹಾಗಿರಲಿ, ಆತನ ಹೆಸರು ಮುನಿಸಿಪಾಲಿಟಿಯ ಹಾಜರಿ ಪುಸ್ತಕದಲ್ಲಾದರೂ ಇರುತ್ತದೆಯೇ? ಅಲ್ಲಿಯೂ ಇರುವುದಿಲ್ಲ; ಆತ ಕಂಟ್ರಾಕ್ಟರನ ಕೈಕೆಳಗಿನ ದಿನಗೂಲಿ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ವೀರಗಲ್ಲುಗಳ ಎದುರಿಗೆ ಬಿಳಿಯ ಪರದೆ ಕಟ್ಟಿ ಈ ಸತ್ತವರ ಮುಖ ತೋರಿಸಿದ್ದು ವಸ್ತುಸಂಗ್ರಹಾಲಯಕ್ಕೆ ಅಪಚಾರವಲ್ಲ. ಅದು ಹುಟ್ಟಿದಂದಿನಿಂದ ಮಾಡಬೇಕಾಗಿದ್ದ ಕೆಲಸವನ್ನು ಮೊದಲ ಬಾರಿಗೆ ಮಾಡಿದೆ.

ಇನ್ನೂ ಒಂದು ಮಾತಿದೆ. ಅದೇ ಅಂಗಳದಲ್ಲಿರುವ ದಾನಶಾಸನಗಳನ್ನು ಬಲ್ಲವರಿಂದ ಓದಿಸಿ ನೋಡಿ. ಇಂಥ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಶಾಪವಿದೆ. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಎಂಬುದು ಆ ಶಾಪದ ತಾತ್ಪರ್ಯ. ಅಂದರೆ, ಮನುಷ್ಯನಿಗೆ ಬರಬಹುದಾದ ಅತಿ ಘೋರವಾದ ಗತಿ ಇದೇ ಎಂದು ಶಾಸನ ಬರೆಸಿದವರು ತಿಳಿದಿದ್ದರು. ಭೂಮಿ ಕಸಿದ ಪಾಪಿಗೆ ಮುಂದಿನ ಜನ್ಮದಲ್ಲಿ ಬರಲೆಂದು ಹಾಕಿದ ಶಾಪವನ್ನು, ಗೇಣು ಭೂಮಿಯನ್ನೂ ಕಾಣದ ನಿರಪರಾಧಿಗೆ ಈ ಜನ್ಮದಲ್ಲಿಯೇ ಉದ್ಯೋಗವನ್ನಾಗಿ ಮಾಡಿಕೊಟ್ಟಿದ್ದೇವೆ. ಇದರಲ್ಲಿ ಹೊಲಸು ಯಾವುದು? ಚಿತ್ರವೋ, ಈ ವ್ಯವಸ್ಥೆಯೋ?

ಎರಡನೆಯ ಆಕ್ಷೇಪಣೆ, ಇದು ತಮಿಳರ ಸಂಗತಿ ಎಂಬುದು. ಚಿತ್ರದ ಹೆಸರನ್ನೇ ನೋಡಿ. ತಮಿಳರ ಕಕ್ಕೂಸೂ ಕನ್ನಡಿಗರ ಕಕ್ಕಸೂ ಒಂದೇ. ಡಚ್ಚರ ಮಾತಿನಿಂದ ಇಬ್ಬರ ಬಾಯಿಗೂ ಬಂದ ಶಬ್ದ. ಶಬ್ದವನ್ನು ಹಂಚಿಕೊಂಡವರು ಪಾಪವನ್ನು ಹಂಚಿಕೊಂಡಿಲ್ಲವೇ?

ನಮ್ಮ ನಾಡಿನ ಲೆಕ್ಕವನ್ನು ನಾವೇ ತೆಗೆದು ನೋಡೋಣ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕ 1970ರ ದಶಕದ ಆರಂಭದಲ್ಲಿಯೇ ನಿಷೇಧಿಸಿತು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಾಡಿದ ಕೆಲಸವದು. ಕೇಂದ್ರ ಸರಕಾರ ಕಾಯಿದೆ ಮಾಡುವುದಕ್ಕೆ ಸುಮಾರು 20 ವರ್ಷ ಮೊದಲೇ ನಮ್ಮವರು ಈ ಹೆಜ್ಜೆ ಇಟ್ಟರೆಂಬುದು ಹೆಮ್ಮೆಯ ಮಾತೇ ಸರಿ. ಆದರೆ ಅದೇ ಕರ್ನಾಟಕದಲ್ಲಿ, 2010ರ ಜುಲೈ ತಿಂಗಳಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬಗಳ ಜನ ಪುರಸಭೆಯ ಎದುರಿಗೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಇರುವ ನೆಲೆಯಿಂದ ಎಬ್ಬಿಸುವ ಬೆದರಿಕೆಯಿತ್ತು. ಖಾಯಂ ಕೆಲಸದ ಬೇಡಿಕೆಗೆ ಕಿವಿಗೊಡುವವರಿರಲಿಲ್ಲ. ಬಾಯಿಬಿಟ್ಟು ಹೇಳಿದಾಗ ಕೇಳದ ನಾಡು ಅಂದು ಕಣ್ಣುಬಿಟ್ಟು ನೋಡಿತು. ತಮ್ಮನ್ನು ಈ ಸಮಾಜ ನೋಡಲಿ ಎಂಬುದಕ್ಕಾಗಿ ತಮ್ಮ ಮೈಯನ್ನೇ ಪರದೆ ಮಾಡಿಕೊಳ್ಳಬೇಕಾದ ಗತಿ ಆ ಜನರಿಗೆ ಬಂತು. ಸಾಕ್ಷ್ಯಚಿತ್ರ ಏಕೆ ಬೇಕು ಎನ್ನುವವರು ಸವಣೂರನ್ನು ಒಮ್ಮೆ ನೆನೆಯಲಿ.

ಈ ಪದ್ಧತಿಯ ವಿರುದ್ಧ ದೇಶದಲ್ಲೆಲ್ಲ ಹೋರಾಟ ಕಟ್ಟಿದ ಬೆಜವಾಡ ವಿಲ್ಸನ್ ಹುಟ್ಟಿದ್ದು ಎಲ್ಲಿ? ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ನೆಲದಡಿಯಿಂದ ಚಿನ್ನ ತೆಗೆದ ಊರಿನಲ್ಲಿ, ಆ ಚಿನ್ನ ತೆಗೆದವರ ಕಕ್ಕಸುಗಳನ್ನು ಕೈಯಿಂದ ಬಳಿದು ಹೊತ್ತವರ ಮನೆಯ ಮಗ ಆತ. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳೆಲ್ಲ ಕನ್ನಡ ನಾಡಿನ ಕುವರನೆಂದು ಹೊಗಳಿದವು. ಹೊಗಳಿಕೆಗೆ ಕನ್ನಡಿಗ, ಹೊಣೆಗೆ ಪರನಾಡಿನವನು ಎನ್ನುವುದು ಯಾವ ನ್ಯಾಯ?

ಮೂರನೆಯ ಆಕ್ಷೇಪಣೆಯನ್ನು ತುಸು ನಿಧಾನವಾಗಿ ನೋಡಬೇಕು; ಏಕೆಂದರೆ ವಿದ್ಯಾವಂತರು ಹೆಚ್ಚಾಗಿ ನಂಬಿರುವುದು ಇದನ್ನೇ. ಕಾಯಿದೆ ಬಂದಿದೆ, ಪದ್ಧತಿ ಹೋಗಿದೆ ಎನ್ನುತ್ತಾರೆ. ಕಾಯಿದೆ ಬಂದಿರುವುದು ನಿಜ. ಒಂದಲ್ಲ, ಎರಡು ಬಂದಿವೆ. ಮೊದಲನೆಯದು 1993ರದು. ಅದು ನಡೆಯದೆ ಹೋದದ್ದರಿಂದ 2013ರಲ್ಲಿ ಇನ್ನೊಂದು ಕಾಯಿದೆ ಮಾಡಿದರು. ಅದು ಜಾರಿಗೆ ಬಂದದ್ದು ಅದೇ ವರ್ಷದ ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ದಿನ. ರಕ್ಷಣೆಯ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಅಥವಾ ಮಲದ ಗುಂಡಿಗೆ ಇಳಿಸಕೂಡದು. ಇಳಿಸಿದವನಿಗೆ ಮೊದಲ ಸಲ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೊಮ್ಮೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಕಾಗದದ ಮೇಲೆ ಇಷ್ಟೆಲ್ಲ ಇದೆ.

ಸುಪ್ರೀಂ ಕೋರ್ಟು ಕೂಡ ಸುಮ್ಮನೆ ಕುಳಿತಿಲ್ಲ. ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಹಾಕಿದ ಅರ್ಜಿಯ ಮೇಲೆ 2014ರ ಮಾರ್ಚಿನಲ್ಲಿ ತೀರ್ಪು ಕೊಟ್ಟು, 1993ರಿಂದ ಈಚೆಗೆ ಗುಂಡಿಗಳಲ್ಲಿ ಸತ್ತ ಪ್ರತಿಯೊಬ್ಬನ ಕುಟುಂಬಕ್ಕೂ 10 ಲಕ್ಷ ಪರಿಹಾರ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ದಿಲ್ಲಿ, ಮುಂಬಯಿ, ಕಲಕತ್ತೆ, ಮದರಾಸು, ಹೈದರಾಬಾದುಗಳ ಜೊತೆಗೆ ನಮ್ಮ ಬೆಂಗಳೂರಿನಲ್ಲಿಯೂ ಮನುಷ್ಯರನ್ನು ಇಳಿಸಿ ಚರಂಡಿ ಶುದ್ಧಮಾಡಿಸುವುದನ್ನು ನಿಲ್ಲಿಸಬೇಕೆಂದು ಮತ್ತೆ ಅಪ್ಪಣೆ ಮಾಡಿತು. ಪದ್ಧತಿ ನಿಜವಾಗಿ ಹೋಗಿದ್ದರೆ, 12 ವರ್ಷದ ಹಿಂದಿನ ಕಾಯಿದೆಯಲ್ಲಿ ಇದ್ದದ್ದನ್ನೇ ಕೋರ್ಟು ಮತ್ತೆ ಹೇಳಬೇಕಾಗಿತ್ತೇ?

ಈಗ ಸರಕಾರವೇ ಪಾರ್ಲಿಮೆಂಟಿನಲ್ಲಿ ಕೊಟ್ಟ ಲೆಕ್ಕ ನೋಡಿ. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಮಲದ ಗುಂಡಿಗಳಲ್ಲಿ ಸತ್ತವರು 377 ಜನ. ಹೆಚ್ಚುಕಡಿಮೆ ಐದು ದಿನಕ್ಕೊಂದು ಹೆಣ. ಇದು ದಾಖಲಾದವರ ಸಂಖ್ಯೆ ಮಾತ್ರ. ಇದೇ ಸರಕಾರ 2021ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ನಿಂತು, ಕೈಯಿಂದ ಮಲ ಬಾಚುವುದರಿಂದ ಕಳೆದ ಐದು ವರ್ಷಗಳಲ್ಲಿ ಒಬ್ಬನೂ ಸತ್ತ ವರದಿಯಿಲ್ಲ ಎಂದು ಉತ್ತರ ಕೊಟ್ಟಿತ್ತು. ಇದು ಹೇಗೆ ಸಾಧ್ಯ? ಬಹಳ ಸುಲಭ. ಕಾಯಿದೆಯಲ್ಲಿ ಮಲ ಬಾಚುವವನಿಗೆ ಒಂದು ವ್ಯಾಖ್ಯೆ, ಗುಂಡಿಗೆ ಇಳಿದು 'ಅಪಾಯಕಾರಿ ಶುಚಿ ಕೆಲಸ' ಮಾಡುವವನಿಗೆ ಇನ್ನೊಂದು ವ್ಯಾಖ್ಯೆ. ಸತ್ತವನನ್ನು ಮೊದಲ ಪಟ್ಟಿಯಿಂದ ತೆಗೆದು ಎರಡನೆಯದರಲ್ಲಿ ಬರೆದರೆ ಮೊದಲ ಪಟ್ಟಿ ಶುದ್ಧವಾಯಿತು. ನಾವು ಮಾಸ್ತರಿಕೆ ಮಾಡಿದವರು. ಗೈರುಹಾಜರಾದ ಹುಡುಗನ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿ ನೂರಕ್ಕೆ ನೂರು ಹಾಜರಿ ತೋರಿಸುವ ಯುಕ್ತಿಯನ್ನು ಕಂಡು ಬಲ್ಲೆವು. ದಿಲ್ಲಿಯಲ್ಲಿ ನಡೆದದ್ದು ಅದೇ.

ಗುಂಡಿಗೆ ಇಳಿಯುವವರು ಯಾರು? 2024ರಲ್ಲಿ ಹೊರಬಿದ್ದ ಸರಕಾರಿ ಎಣಿಕೆಯ ಪ್ರಕಾರ, ಲೆಕ್ಕಕ್ಕೆ ಸಿಕ್ಕ ಸುಮಾರು 38,000 ಒಳಚರಂಡಿ ಕಾರ್ಮಿಕರಲ್ಲಿ ನೂರಕ್ಕೆ 92 ಜನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರು. ಪರಿಶಿಷ್ಟ ಜಾತಿಯವರೇ 69 ಜನ. ಅಸ್ಪೃಶ್ಯತೆಯನ್ನು ತೊಡೆದುಹಾಕಿದ್ದೇವೆಂದು ಸಂವಿಧಾನದ 17ನೆಯ ವಿಧಿ 1950ರಿಂದ ಹೇಳುತ್ತ ಬಂದಿದೆ. ಗುಂಡಿಯ ಬಾಯಿಯಲ್ಲಿ ನಿಂತು ನೋಡಿದರೆ ಮನುವಿನ ಕಾಯಿದೆಯೇ ಇನ್ನೂ ನಡೆಯುತ್ತಿರುವುದು ಕಾಣುತ್ತದೆ.

ಸಾವು ಹೇಗೆ ಬರುತ್ತದೆಂಬುದನ್ನೂ ಊರಿನ ಜನ ತಿಳಿದುಕೊಳ್ಳಬೇಕು. ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತುಹೋಗಿ ನಾತ ತಿಳಿಯುವುದಿಲ್ಲ; ಇಳಿದವನು ಗಾಳಿ ಚೆನ್ನಾಗಿದೆಯೆಂದು ತಿಳಿಯುತ್ತಾನೆ. ಕೆಲವು ಉಸಿರಿನಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಮೇಲಿದ್ದ ಅಣ್ಣನೋ ತಮ್ಮನೋ, ಕಾಲು ಜಾರಿತೆಂದು ತಿಳಿದು ಎತ್ತಲು ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಪತ್ರಿಕೆಗಳಲ್ಲಿ ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿ ಬರುವುದರ ಕಾರಣ ಇದೇ. ಇದು ಆಕಸ್ಮಿಕವಲ್ಲ. ಮುಂಚಿತವಾಗಿ ತಿಳಿದಿರುವ, ತಪ್ಪಿಸಬಹುದಾದ, ತಪ್ಪಿಸದೆ ಬಿಟ್ಟ ಸಾವು. 'ಕಕ್ಕೂಸ್' ಚಿತ್ರ ಹುಟ್ಟಿದ್ದೂ ಇಂಥ ಸಾವಿನಿಂದಲೇ. 2015ರಲ್ಲಿ ಮಧುರೆಯಲ್ಲಿ ಇಬ್ಬರು ಕಾರ್ಮಿಕರು ಹೀಗೆ ಸತ್ತ ಮೇಲೆ ದಿವ್ಯಾ ಭಾರತಿ ಕ್ಯಾಮೆರಾ ಹಿಡಿದು ಹೊರಟರು.

ನಾಲ್ಕನೆಯ ಆಕ್ಷೇಪಣೆ: ಸಿನೇಮಾದಿಂದ ಏನು ಪ್ರಯೋಜನ? ಪ್ರಯೋಜನವಿಲ್ಲದಿದ್ದರೆ ಆಳುವವರು ಅದಕ್ಕೆ ಹೆದರುವುದೇಕೆ? 'ಕಕ್ಕೂಸ್' ಹೊರಬಂದ ವರ್ಷ ತಮಿಳುನಾಡಿನಲ್ಲಿ ಹಲವೆಡೆ ಪೋಲೀಸರು ಪ್ರದರ್ಶನಕ್ಕೆ ಅಡ್ಡಿಪಡಿಸಿದರು. ಸಭಾಂಗಣ ಸಿಕ್ಕದೆ ಹೋದಾಗ ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಿ ಜನರ ಕೈಗೆ ಒಪ್ಪಿಸಬೇಕಾಯಿತು. ಅದೇ ಜುಲೈಯಲ್ಲಿ ದಿವ್ಯಾ ಭಾರತಿಯನ್ನು ಪೋಲೀಸರು ಹಿಡಿದರು. ಯಾವ ಮೊಕದ್ದಮೆಯಲ್ಲಿ? 2009ರಲ್ಲಿ, ಆಕೆ ವಿದ್ಯಾರ್ಥಿನಿಯಾಗಿದ್ದಾಗ, ಹಾವು ಕಚ್ಚಿ ಸತ್ತ ದಲಿತ ವಿದ್ಯಾರ್ಥಿಯ ಪರವಾಗಿ ಪ್ರತಿಭಟನೆ ಮಾಡಿದ ಎಂಟು ವರ್ಷ ಹಳೆಯ ಮೊಕದ್ದಮೆಯಲ್ಲಿ! ಗುಂಡಿಗೆ ಜನರನ್ನು ಇಳಿಸಿದವರಿಗೆ ಇಲ್ಲದ ಸೆರೆಮನೆ, ಇಳಿದವರ ಕಥೆ ತೋರಿಸಿದವಳಿಗೆ ಮಾತ್ರ ಬಾಗಿಲು ತೆರೆದುಕೊಂಡಿತು.

ಇದು ಹೊಸದೇನೂ ಅಲ್ಲ. 1948ರಲ್ಲಿ ಹುಟ್ಟಿದ ಫಿಲಂಸ್ ಡಿವಿಜನ್ ಎಂಬ ಸರಕಾರಿ ಸಂಸ್ಥೆಯ ಚಿತ್ರಗಳನ್ನು ನಮ್ಮ ಹಿರಿಯರು ಟೆಂಟು ಸಿನೇಮಾಗಳಲ್ಲಿ ನೋಡಿದ್ದಾರೆ. ಮುಖ್ಯ ಚಿತ್ರಕ್ಕೆ ಮೊದಲು ಅವನ್ನು ತೋರಿಸಲೇಬೇಕೆಂದು ಥಿಯೇಟರುಗಳ ಲೈಸೆನ್ಸಿನಲ್ಲಿಯೇ ಷರತ್ತಿತ್ತು. ಅಣೆಕಟ್ಟು, ಕಾರ್ಖಾನೆ, ಮಂತ್ರಿಗಳ ಉದ್ಘಾಟನೆಗಳು ಪರದೆಯ ಮೇಲೆ ಬರುವಾಗ ಜನ ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಆದರೆ ಖ್ವಾಜಾ ಅಹಮದ್ ಅಬ್ಬಾಸರು 1968ರಲ್ಲಿ, ನಾಲ್ಕು ಮಹಾನಗರಗಳಲ್ಲಿ ಧನಿಕರ ಭೋಗವನ್ನೂ ಬಡವರ ಬದುಕನ್ನೂ ಎದುರುಬದುರು ಇಟ್ಟು 16 ನಿಮಿಷದ ಒಂದು ಚಿತ್ರ ಮಾಡಿದಾಗ ಸೆನ್ಸಾರ್ ಮಂಡಳಿಗೆ ಹಠಾತ್ತನೆ ಶೀಲದ ಚಿಂತೆ ಹತ್ತಿತು. ಬೊಂಬಾಯಿಯ ಸೂಳೆಗೇರಿಯ ದೃಶ್ಯಗಳನ್ನು ಕತ್ತರಿಸದೆ ಎಲ್ಲರಿಗೂ ತೋರಿಸಕೂಡದು ಎಂದಿತು. ಅಬ್ಬಾಸರು ಸುಪ್ರೀಂ ಕೋರ್ಟಿನವರೆಗೆ ಹೋದರು. 1970ರಲ್ಲಿ ಬಂದ ತೀರ್ಪು, ಸಿನೇಮಾಕ್ಕೆ ಮುಂಚಿತವಾಗಿ ಸೆನ್ಸಾರ್ ಮಾಡುವ ಅಧಿಕಾರ ಸರಕಾರಕ್ಕೆ ಇದೆಯೆಂದು ಎತ್ತಿಹಿಡಿಯಿತು. ಸೂಳೆಗೇರಿ ಇರಬಹುದು, ಅದರ ಚಿತ್ರ ಇರಬಾರದು. ಗುಂಡಿಯಲ್ಲಿ ಹೆಣ ಇರಬಹುದು. ಅದು ಪರದೆಯ ಮೇಲೆ ಬರಬಾರದು. ಮರ್ಯಾದಸ್ಥರ ಸೌಂದರ್ಯಶಾಸ್ತ್ರವೆಲ್ಲ ಇಷ್ಟೇ.

ಹಾಗೆಂದು ಸಾಕ್ಷ್ಯಚಿತ್ರವೆಂದ ಕೂಡಲೇ ಕೈಮುಗಿಯಬೇಕೆಂದು ನಾವು ಹೇಳುವುದಿಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ, ಲಂಡನ್ನಿನ ಸ್ಟೆಪ್ನಿ ಎಂಬ ಬಡವರ ಮೊಹಲ್ಲಾದ ಮನೆಗಳ ಮೇಲೆ ಒಂದು ಚಿತ್ರ ತೆಗೆದರು. ಅದರ ಹೆಸರು 'ಹೌಸಿಂಗ್ ಪ್ರಾಬ್ಲೆಮ್ಸ್'. ಬಡಜನ ತಮ್ಮ ಇಲಿಕಾಟ, ತಿಗಣೆಕಾಟ, ಸೋರುವ ಮಾಡುಗಳನ್ನು ಕ್ಯಾಮೆರಾದ ಎದುರಿಗೆ ನಿಂತು ತಾವೇ ಹೇಳಿಕೊಂಡ ಮೊದಮೊದಲಿನ ಚಿತ್ರಗಳಲ್ಲಿ ಅದೂ ಒಂದು. ಅದಕ್ಕಾಗಿ ಅದನ್ನು ಮೆಚ್ಚಬೇಕು. ಆದರೆ ಅದಕ್ಕೆ ಹಣ ಕೊಟ್ಟವರು ಅಲ್ಲಿಯ ಗ್ಯಾಸ್ ಕಂಪನಿಗಳ ಸಂಘದವರು. ಹೊಸ ಮನೆ ಎದ್ದರೆ ಹೊಸ ಗ್ಯಾಸ್ ಒಲೆಗಳು ಮಾರಾಟವಾಗುತ್ತವೆಂಬುದು ಅವರ ಲೆಕ್ಕ. ಆದುದರಿಂದ ಯಾವ ಚಿತ್ರ ನೋಡಿದರೂ ಮೂರು ಪ್ರಶ್ನೆ ಕೇಳಿ. ಹಣ ಯಾರದು? ಮಾತಾಡುವವರು ಯಾರು? ನೋಡಿದ ಮೇಲೆ ಏನಾಗುತ್ತದೆ? ಮೊದಲ ಎರಡು ಪ್ರಶ್ನೆಗಳಿಗೆ ಚಿತ್ರ ತೆಗೆದವರು ಉತ್ತರ ಹೇಳಬೇಕು. ಮೂರನೆಯದಕ್ಕೆ ಉತ್ತರ ಹೇಳಬೇಕಾದವರು ನಾವು.

ಈ ಮೂರನೆಯ ಪ್ರಶ್ನೆಯ ದೃಷ್ಟಿಯಿಂದ ನಮ್ಮೂರಿನ ಪ್ರದರ್ಶನದಲ್ಲಿ ಮೆಚ್ಚಬೇಕಾದದ್ದೂ ಇತ್ತು, ತಿದ್ದಬೇಕಾದದ್ದೂ ಇತ್ತು. ವಸ್ತುಸಂಗ್ರಹಾಲಯ ತೆರೆದಿರುವುದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಬೆಳಗಿನ ಜಾವ ಪೊರಕೆ ಹಿಡಿದು ಹೊರಟ ಪೌರಕಾರ್ಮಿಕನಿಗೆ ಆ ಹೊತ್ತಿನಲ್ಲಿ ಒಳಗೆ ಹೋಗಲು ಬಿಡುವೆಲ್ಲಿ? ಅದರ ಗೇಟಿನ ಮುಂದಿನ ರಸ್ತೆಯನ್ನು ವರ್ಷಗಟ್ಟಲೆ ಗುಡಿಸಿಯೂ ಒಳಗೇನಿದೆಯೆಂದು ನೋಡದವರು ಅಂದು ಹೆಂಡಿರು ಮಕ್ಕಳೊಡನೆ ಬಂದರು. ಇದನ್ನು ಸಾಧ್ಯಮಾಡಿದ ಮೇಲ್ವಿಚಾರಕರನ್ನು ಅಭಿನಂದಿಸಬೇಕು. ತಮಿಳು ಬಲ್ಲ ಉಪಾಧ್ಯಾಯರೊಬ್ಬರು ಮೈಕು ಹಿಡಿದು ಮಾತು ಮಾತಿಗೂ ಕನ್ನಡದಲ್ಲಿ ಹೇಳುತ್ತ ಹೋದದ್ದರಿಂದ ಭಾಷೆ ಯಾರಿಗೂ ತೊಡಕಾಗಲಿಲ್ಲ. ಆದರೆ ಮುಂದಿನ ಎರಡು ಸಾಲು ಕುರ್ಚಿಗಳನ್ನು 'ಆಹ್ವಾನಿತರಿಗೆ' ಎಂದು ಚೀಟಿ ಅಂಟಿಸಿ ಮೀಸಲಿಟ್ಟಿದ್ದರು. ಆಹ್ವಾನಿತರಲ್ಲಿ ಮುಕ್ಕಾಲು ಪಾಲು ಬರಲಿಲ್ಲ. ಯಾರ ಬದುಕಿನ ಚಿತ್ರವೋ ಅವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿಗಳು ಖಾಲಿ ಇದ್ದವು. ಚಿತ್ರ ಪರದೆಯ ಮೇಲೆ ಜಾತಿಯ ಮಾತಾಡುತ್ತಿತ್ತು. ಕುರ್ಚಿಗಳು ನೆಲದ ಮೇಲೆ ಅದೇ ಮಾತಾಡುತ್ತಿದ್ದವು.

ಚಿತ್ರ ಮುಗಿದ ಮೇಲೆ ನಗರಸಭೆಯ ಅಧಿಕಾರಿಯೊಬ್ಬರು ಎದ್ದು, ನಮ್ಮಲ್ಲಿ ಇಂಥದ್ದು ಯಾವುದೂ ಇಲ್ಲ, ಎಲ್ಲ ಕೆಲಸಕ್ಕೂ ಯಂತ್ರ ಬಂದಿದೆ ಎಂದರು. ಆಗ ಗೋಡೆಯ ಬಳಿಯಿಂದ ಒಬ್ಬ ಹೆಂಗಸು, "ಸಾಹೇಬ್ರೆ, ಮಿಷಿನ್ನು ಕೆಟ್ಟ ದಿನ, ಮಿಷಿನ್ನು ಹೋಗದ ಸಂದೀಲಿ, ಕಂಟ್ರಾಕ್ಟ್ರು ಯಾರ್ನ ಕರೀತಾರೆ ಅಂತ ನಿಮಗೆ ತಿಳೀದಾ?" ಎಂದು ಕೇಳಿದಳು. ಸಭೆ ಗಪ್ಪಾಯಿತು. ಹೊತ್ತಾಯಿತೆಂದು ವಂದನಾರ್ಪಣೆ ಮಾಡಿ ಕಾರ್ಯಕ್ರಮ ಮುಗಿಸಿದರು. ನಮ್ಮ ಅಭಿಪ್ರಾಯದಲ್ಲಿ ಕಾರ್ಯಕ್ರಮ ಪ್ರಾರಂಭವಾಗಬೇಕಾಗಿದ್ದದ್ದೇ ಆ ಪ್ರಶ್ನೆಯಿಂದ. ನೋಡಿ ಮರುಗಿ ಮನೆಗೆ ಹೋಗುವುದಾದರೆ ಚಿತ್ರವೂ ಒಂದು ಬಗೆಯ ಗಂಗಾಸ್ನಾನವಾಗುತ್ತದೆ. ಕಣ್ಣೀರಿನಲ್ಲಿ ಪಾಪ ತೊಳೆದುಕೊಂಡು ಮರುದಿನ ಅದೇ ಕಂಟ್ರಾಕ್ಟರನಿಗೆ ಫೋನು ಮಾಡಿ, ನಮ್ಮ ಗುಂಡಿ ತುಂಬಿದೆ, ಇಬ್ಬರನ್ನು ಕಳಿಸಿ ಎನ್ನುತ್ತೇವೆ. ಗುಂಡಿ ಮುನಿಸಿಪಾಲಿಟಿಯದು ಮಾತ್ರವಲ್ಲ. ಎಷ್ಟೋ ಗುಂಡಿಗಳು ನಮ್ಮ ಹಿತ್ತಿಲಿನವು. ಕಾಯಿದೆ ನಮಗೂ ಅನ್ವಯಿಸುತ್ತದೆ.

ಆದುದರಿಂದ ಊರಿನ ಜನರ ಮುಂದೆಯೂ ಅಧಿಕಾರಿಗಳ ಮುಂದೆಯೂ ನಾವು ಈ ಬೇಡಿಕೆಗಳನ್ನು ಇಡುತ್ತೇವೆ.

ಮೊದಲನೆಯದು, ವಸ್ತುಸಂಗ್ರಹಾಲಯದ ಅಂಗಳದಲ್ಲಿ ತಿಂಗಳಿಗೊಮ್ಮೆ, ದುಡಿಯುವ ಜನರಿಗೆ ಬಿಡುವಾಗುವ ಸಂಜೆಯ ಹೊತ್ತು, ಇಂಥ ಚಿತ್ರಗಳ ಪುಕ್ಕಟೆ ಪ್ರದರ್ಶನ ನಡೆಯಬೇಕು. ಮೀಸಲು ಕುರ್ಚಿ ಇಡುವುದಾದರೆ ಅದು ಆ ದಿನದ ಚಿತ್ರ ಯಾರನ್ನು ಕುರಿತದ್ದೋ ಅವರಿಗೆ. ಚಿತ್ರದಷ್ಟೇ ಹೊತ್ತು ಪ್ರಶ್ನೋತ್ತರಕ್ಕೂ ಇರಬೇಕು. ಕೇಳಿದ ಪ್ರಶ್ನೆಯನ್ನೂ ಅಧಿಕಾರಿ ಕೊಟ್ಟ ಉತ್ತರವನ್ನೂ ಒಂದು ಪುಸ್ತಕದಲ್ಲಿ ಬರೆದು, ಅದನ್ನು ಶಾಸನಗಳ ಜೊತೆಗೆ ಜನ ಓದುವಂತೆ ಇಡಬೇಕು. ನಮ್ಮ ಕಾಲದ ಶಾಸನ ಅದೇ.

ಎರಡನೆಯದು, 2013ರ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಜಾಗೃತಿ ಸಮಿತಿ ಇರಬೇಕು. ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮ ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ಸಲ ಸೇರಿದರು, ಏನು ನಿರ್ಣಯ ಮಾಡಿದರು ಎಂಬುದನ್ನು ಡೆಪ್ಯುಟಿ ಕಮೀಷನರು ಬಹಿರಂಗವಾಗಿ ತಿಳಿಸಬೇಕು.

ಮೂರನೆಯದು, ನಗರಸಭೆಯಲ್ಲಿ ಗುಂಡಿ ಹೀರುವ ಯಂತ್ರಗಳು ಎಷ್ಟಿವೆ, ಓಡುತ್ತಿರುವವು ಎಷ್ಟು, ಕೆಟ್ಟು ನಿಂತವು ಎಷ್ಟು ಎಂಬ ಪಟ್ಟಿಯನ್ನು ಕಚೇರಿಯ ಹಲಗೆಯ ಮೇಲೆ ಹಾಕಬೇಕು. ಸಂದಿಗೊಂದಿಗೆ ಹೋಗುವಂಥ ಚಿಕ್ಕ ಯಂತ್ರಗಳನ್ನು ಕೊಳ್ಳಬೇಕು. ಕೇರಳದವರು 2018ರಿಂದೀಚೆಗೆ ಮ್ಯಾನ್‌ಹೋಲಿಗೆ ಇಳಿಯುವ ಯಂತ್ರವನ್ನೇ ಮಾಡಿ ದುಡಿಸುತ್ತಿದ್ದಾರೆ. ವಿದ್ಯೆ ಇಲ್ಲವೆಂದಲ್ಲ, ಕೂಲಿಯವನ ಪ್ರಾಣ ಯಂತ್ರಕ್ಕಿಂತ ಅಗ್ಗವೆಂಬ ಲೆಕ್ಕಾಚಾರ ಇರುವತನಕ ಯಂತ್ರ ಬರುವುದಿಲ್ಲ.

ನಾಲ್ಕನೆಯದು, ಒಳಚರಂಡಿಯ ಕೆಲಸದಲ್ಲಿ ಕಂಟ್ರಾಕ್ಟು ಪದ್ಧತಿ ಹೋಗಬೇಕು. ದಿನಗೂಲಿಯವನು ಇಳಿಯುವುದಿಲ್ಲ ಎಂದರೆ ಅವನ ಅಂದಿನ ಅನ್ನ ಹೋಗುತ್ತದೆ. ಖಾಯಂ ನೌಕರ ಮಾತ್ರ ಇಲ್ಲವೆನ್ನಬಲ್ಲ. ಇಲ್ಲವೆನ್ನುವ ಹಕ್ಕೇ ಈ ಕೆಲಸದಲ್ಲಿ ಮೊದಲನೆಯ ರಕ್ಷಣಾ ಸಾಧನ.

ಐದನೆಯದು ನಮ್ಮ ನಿಮ್ಮ ಪಾಲಿನದು. ಮನೆಯ ಗುಂಡಿ ತುಂಬಿದಾಗ ಮನುಷ್ಯನನ್ನು ಕರೆಯಬೇಡಿ, ಯಂತ್ರ ಕೇಳಿ. ಅದಕ್ಕಾಗಿಯೇ ಇರುವ ಸಹಾಯವಾಣಿಯ ಸಂಖ್ಯೆ 14420. ಬೀದಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಒಬ್ಬನನ್ನು ಇಳಿಸುತ್ತಿರುವುದು ಕಂಡರೆ ಮೂಗು ಮುಚ್ಚಿಕೊಂಡು ದಾಟಿಹೋಗಬೇಡಿ. ನಿಂತು, ಯಾರ ಅಪ್ಪಣೆ, ಉಸಿರಿನ ಸಾಧನ ಎಲ್ಲಿ ಎಂದು ಕೇಳಿ. ನಾಲ್ಕು ಜನ ನಿಂತು ಕೇಳಿದ ಬೀದಿಯಲ್ಲಿ ಕಂಟ್ರಾಕ್ಟರನಿಗೆ ಮನುಷ್ಯನನ್ನು ಇಳಿಸುವ ಧೈರ್ಯ ಬಾರದು.

ವಸ್ತುಸಂಗ್ರಹಾಲಯದ ಪಾವಿತ್ರ್ಯದ ಮಾತೆತ್ತಿದವರಿಗೆ ಕೊನೆಯದಾಗಿ ಒಂದು ಸೂಚನೆ. ಬಳಕೆ ತಪ್ಪಿದ ವಸ್ತುಗಳನ್ನು ಇಡುವುದೇ ಅಲ್ಲಿಯ ನಿಯಮವಲ್ಲವೇ? ಹಾಗಾದರೆ ಮಲ ಬಾಚುವ ತಗಡು, ಬಕೀಟು, ಗುಂಡಿಗೆ ಇಳಿಸುವ ಹಗ್ಗ ಇವು ಮೂರನ್ನೂ ಒಂದು ಗಾಜಿನ ಪೆಟ್ಟಿಗೆಯಲ್ಲಿಡಲು ಈಗಲೇ ಜಾಗ ಗುರುತು ಮಾಡಿಡಿ. ಈ ಜಿಲ್ಲೆಯಲ್ಲಿ ಅವುಗಳ ಕೆಲಸ ಮುಗಿಯಿತೆಂದು ಆ ಹೆಂಗಸು ಒಪ್ಪಿ ತನ್ನ ಕೈಯಿಂದಲೇ ತಂದುಕೊಡುವ ತನಕ ಆ ಪೆಟ್ಟಿಗೆ ಖಾಲಿಯಾಗಿಯೇ ಇರಲಿ. ನೋಡಲು ಬಂದ ಮಕ್ಕಳು ಇದು ಏಕೆ ಖಾಲಿ ಎಂದು ಕೇಳಲಿ. ಅಲ್ಲಿಯವರೆಗೂ ಪರದೆ ಕಟ್ಟುತ್ತಲೇ ಇರಬೇಕು, ಚಿತ್ರ ತೋರಿಸುತ್ತಲೇ ಇರಬೇಕು.